ಹೆನಿಂಗ್ ಹೇಳದ ಪದ

ಮಾತು ಕಳೆದುಕೊಂಡವರಿಗೆ ಮಾತು ಹುಡುಕಿ ಕೊಡುವುದು ಶಕುಂತಲಾಳ ಕೆಲಸ. ಸಿಂಗಪುರದ ಪಾಸಿರ್ ರಿಸ್‌ನ ಒಂದು ಪುನರ್ವಸತಿ ಕೇಂದ್ರದಲ್ಲಿ ಅವಳಿಗೊಂದು ಸಣ್ಣ ಕೋಣೆ, ಅದರಲ್ಲಿ ಮೇಜು, ಕುರ್ಚಿ, ತೆರೆಯಲು ಬಾರದ ಕಿಟಕಿ. ಲಕ್ವ ಹೊಡೆದು ನಾಲಿಗೆ ಸೆಟೆದವರನ್ನು ಗಾಲಿಕುರ್ಚಿಯಲ್ಲಿ ತಂದು ಅವಳೆದುರು ನಿಲ್ಲಿಸಿ ಹೋಗುತ್ತಾರೆ. ಪಾಂಡವಪುರದ ಕಡೆಯ ಹಳ್ಳಿಯವಳು. ಮೈಸೂರಿನಲ್ಲಿ ಈ ವಿದ್ಯೆ ಓದಿ, ಮುಕುಂದನ ಕೈಹಿಡಿದು ಈ ಊರಿಗೆ ಬಂದು, ಇಂಗ್ಲಿಷು, ತಮಿಳು, ತಕ್ಕಮಟ್ಟಿನ ಮಲಯ್, ಹೇಳಿಕೊಳ್ಳುವಂಥದ್ದಲ್ಲದ ಚೀನಿ ಎಲ್ಲದರಲ್ಲೂ ರೋಗಿಗಳನ್ನು ಮಾತಾಡಿಸುತ್ತಲೇ ಅವಳ ತಲೆ ಅರ್ಧ ನರೆತಿತ್ತು. ಡ್ಯಾನಿಶ್ ಎಂಬ ಭಾಷೆ ಮಾತ್ರ ಆ ಕೋಣೆಯ ಹೊಸ್ತಿಲು ತುಳಿದದ್ದು ಹೆನಿಂಗ್ ಬಂದ ಮೇಲೆ.

ಹೆನಿಂಗ್ ಡೆನ್ಮಾರ್ಕಿನವನು. ಹಡಗುಗಳ ಎಂಜಿನ್ ನೋಡಿಕೊಳ್ಳುತ್ತ ಬಂದರಿನಿಂದ ಬಂದರಿಗೆ ಅಲೆದು, ಕೊನೆಗೆ ಸಿಂಗಪುರದ ಹೆಣ್ಣೊಬ್ಬಳನ್ನು ಮದುವೆಯಾಗಿ ಇಲ್ಲೇ ಬೇರುಬಿಟ್ಟ. ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿ ಗೆಕ್ ಅದೇ ಮನೆಯ ಇನ್ನೊಂದು ಕೋಣೆಗೆ ಬಂದು ಸೇರಿದಳು. ಭಾವ ನಾದಿನಿ ಇಬ್ಬರೂ ಸಂಜೆ ಸಮುದ್ರದ ದಂಡೆಗೆ ಹೋಗಿ ಗಾಳ ಹಾಕಿ ಕೂರುತ್ತಿದ್ದರಂತೆ. ಲಕ್ವ ಹೊಡೆದಾಗ ಆತನ ಬಲಗೈ ಬಿದ್ದುಹೋಯಿತು. ನಲವತ್ತು ವರ್ಷ ಆಡಿದ ಇಂಗ್ಲಿಷು ಸೋಸಿ ಎಸೆದ ಹಾಗೆ ಹೋಗಿ, ತಳದಲ್ಲಿದ್ದ ಡ್ಯಾನಿಶ್‌ನ ಚೂರುಪಾರು ಮಾತ್ರ ಉಳಿಯಿತು. ಅದರಲ್ಲಿ ಸಲೀಸಾಗಿ ಬರುತ್ತಿದ್ದದ್ದು ಒಂದೇ: 'ಯಾ.' ಹೌದು ಎಂದು ಅರ್ಥ.

ಈ 'ಯಾ'ದಿಂದಲೇ ಗೋಳು ಶುರುವಾದದ್ದು. ಡೆನ್ಮಾರ್ಕಿನಿಂದ ಮಗಳು ಬಿರ್ಗಿಟ್ ಓಡಿ ಬಂದಳು, ಮೊದಲನೆಯ ಹೆಂಡತಿಯ ಮಗಳು, ಐವತ್ತರ ಆಸುಪಾಸು. "ಅಪ್ಪಾ, ನನ್ನ ಜೊತೆ ನಮ್ಮೂರಿಗೆ ಬರ್ತೀಯಾ?" ಎಂದಳು. "ಯಾ" ಎಂದ. ಗೆಕ್ ಆಂಟಿ ಬಗ್ಗಿ, "ಹೆನಿಂಗ್, ಇಲ್ಲೇ ಇರ್ತೀಯಾ?" ಎಂದಳು. ಅದಕ್ಕೂ "ಯಾ." ಟೀ ಬೇಕಾ ಅಂದರೂ ಯಾ, ಬೇಡವಾ ಅಂದರೂ ಯಾ. ಮುದುಕ ಎಲ್ಲಿ ಬದುಕಬೇಕು ಎಂಬುದನ್ನು ಮುದುಕನನ್ನು ಬಿಟ್ಟು ಎಲ್ಲರೂ ಹೇಳುತ್ತಿದ್ದರು.

"ನೀವು ಇವರಿಗೆ ನಾಲ್ಕು ಮಾತು ಬರಿಸಿ. ನಮ್ಮೂರ ಪುರಸಭೆಯ ಅಧಿಕಾರಿ ವಿಡಿಯೋದಲ್ಲಿ ಮಾತಾಡಿಸ್ತಾರೆ. ಎಲ್ಲಿ ಇರ್ತೀನಿ ಅನ್ನೋದನ್ನ ಅವರಿಗೆ ಇವರ ಬಾಯಿಂದಲೇ ಕೇಳಬೇಕಂತೆ" ಎಂದು ಬಿರ್ಗಿಟ್ ಶಕುಂತಲಾಳನ್ನು ಕೇಳಿಕೊಂಡಳು.

ಶಕುಂತಲಾ ಒಪ್ಪಿ, ಮನೆಯಲ್ಲಿ ದಿನಾ ಬಳಸುವ ಪದಗಳನ್ನು ಕಾಗದದ ಮೇಲೆ ಬರೆದುಕೊಡಲು, ಅವನ್ನೇ ಫೋನಿನಲ್ಲಿ ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿ ಕೊಡಲು ಬಿರ್ಗಿಟ್‌ಗೆ ತಿಳಿಸಿದಳು. ಬಂದ ಪದಗಳ ಮೇಲೆ ಬೆರಳಿಟ್ಟು ಓದಲು ನೋಡಿದಳು. ಒಂದೊಂದೂ ಗೂಡ್ಸ್ ರೈಲಿನಷ್ಟು ಉದ್ದ. ಆ ಜನ ಎರಡು ಮೂರು ಪದಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಒಂದು ಮಾಡಿಬಿಡುತ್ತಾರೆ, ನಡುವೆ ಉಸಿರು ಬಿಡಲೂ ಜಾಗವಿಲ್ಲ. ಒಂದೊಂದು ಕಡೆ ಮಾತ್ರ ಹುಲ್ಲಿನ ಹೊರೆಗೆ ಸುತ್ತಿದ ಹುರಿಯ ಹಾಗೆ ಒಂದು 'ಸ್' ಇರುತ್ತದೆ. ಅದೂ ಸಾಲದೆಂಬಂತೆ ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಬರೆದ ಅಕ್ಷರಗಳಲ್ಲಿ ಅರ್ಧ ಗಂಟಲಲ್ಲೇ ಕರಗುತ್ತಿದ್ದವು. ಕೆಲವು ಕಡೆ ಬಿಕ್ಕಳಿಕೆ ಬರುವಂತಾಗಿ ಬಾರದೆ ನಿಂತ ಹಾಗೆ ದನಿ ತಡೆಯುತ್ತಿತ್ತು.

"ನೀವು ಬರೆಯೋಷ್ಟು ಹೇಳಲ್ವಲ್ಲ, ನುಂಗಿಬಿಡ್ತೀರಿ" ಎಂದಳು ಶಕುಂತಲಾ.

"ಅಲ್ಲಿ ಚಳಿ. ಬಾಯಿ ಜಾಸ್ತಿ ತೆಗೆದರೆ ಗಾಳಿ ಒಳಗೆ ಹೋಗುತ್ತೆ" ಎಂದು ಬಿರ್ಗಿಟ್ ನಗದೆ ಹೇಳಿದಳು. "ಅರ್ಥ ಹೇಳಲಾ?"

"ಈಗ ಬೇಡ. ಮೊದಲು ಕಿವಿಗೆ ಕೂರಲಿ. ಅರ್ಥ ತಲೆಗೆ ಹೋದರೆ ನನ್ನ ನಾಲಿಗೆ ಇಂಗ್ಲಿಷಿನ ಕಡೆ ಎಳೆಯುತ್ತೆ."

ಇದು ಅವಳ ಚಿಕ್ಕಂದಿನ ಅಭ್ಯಾಸ. ಹಳ್ಳಿಯ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಅಜ್ಜ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಶ್ಲೋಕ ಹೇಳಿಸುತ್ತಿದ್ದರು. ದೀರ್ಘ ಹ್ರಸ್ವವಾದರೆ ಕಿವಿ ಹಿಂಡುತ್ತಿದ್ದರು. ಅರ್ಥ ಕೇಳಿದರೆ, "ಬಾಯಿಗೆ ಬರಲಿ, ಅರ್ಥ ಎಲ್ಲಿಗೆ ಹೋಗುತ್ತೆ, ತಾನಾಗೇ ಬರುತ್ತೆ" ಎನ್ನುತ್ತಿದ್ದರು. ನಿದ್ದೆ ತೂಗುತ್ತ ಕೂತ ಮಕ್ಕಳೂ ಅಜ್ಜ ಮೊದಲಿನ ಎರಡು ಅಕ್ಷರ ಎತ್ತಿಕೊಟ್ಟರೆ ಸಾಕು, ಉಳಿದದ್ದನ್ನು ಕಣ್ಣು ಮುಚ್ಚಿಕೊಂಡೇ ಮುಗಿಸುತ್ತಿದ್ದರು. ಅದರಲ್ಲಿ ಬಾಯಿ ಇರುತ್ತಿತ್ತು, ಮಗು ಇರುತ್ತಿರಲಿಲ್ಲ.

ಪಾಠ ಶುರುವಾಯಿತು. ಹೆನಿಂಗ್‌ನ ಎಡಗೈಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಂದ ಅಕ್ಷರಕ್ಕೊಂದರಂತೆ ತಟ್ಟುತ್ತ, ಸ್ವಲ್ಪ ರಾಗವಾಗಿ ಪದ ಹೇಳುವುದು ಅವಳ ಕ್ರಮ. ಮಾತಿನ ದಾರಿ ಮುಚ್ಚಿದವರಿಗೆ ತಾಳದ ದಾರಿ ಕೆಲವೊಮ್ಮೆ ತೆರೆದಿರುತ್ತದೆ. ಆದರೆ ತಟ್ಟಬೇಕಾದರೆ ಪದವನ್ನು ಎಲ್ಲಿ ಕಡಿಯಬೇಕೆಂದು ಗೊತ್ತಿರಬೇಕು. ಕನ್ನಡ ಬರೆದು ಕಲಿತ ಕೈ ಪ್ರತಿ ಅಕ್ಷರವನ್ನೂ ಸ್ವರದಲ್ಲೇ ನಿಲ್ಲಿಸುತ್ತದೆ. ಉಳಿದ ವ್ಯಂಜನಗಳನ್ನು ಮುಂದಿನದರ ತಲೆಗೆ ಕಟ್ಟುತ್ತದೆ. ಅವಳು ಹಾಗೆಯೇ ತಟ್ಟಿದಳು: "ಫ್ಯೋ, ಸೆ, ಲ್ಸ್ಡೌ, ಸ್ಗೇ, ವ."

ಹೆನಿಂಗ್ ಅವಳ ಬಾಯನ್ನೇ ನೋಡಿದ. ಆಮೇಲೆ ಆತನ ಭುಜ ಕುಣಿಯತೊಡಗಿತು. ಲಕ್ವ ಹೊಡೆದ ಮೇಲೆ ಆತ ನಕ್ಕದ್ದು ಅದೇ ಮೊದಲು.

"ಏನಾಯ್ತು?" ಎಂದಳು ಶಕುಂತಲಾ, ಬಿರ್ಗಿಟ್ ಕಡೆ ತಿರುಗಿ.

ಬಿರ್ಗಿಟ್ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದಳು. "ನೀವು ಹೇಳಿದ್ದು ಯಾವುದೋ ಮೀನಿನ ಹೆಸರಿನ ಹಾಗಿತ್ತು."

ಅವಳ ಊರಿನ ಕಡೆ ಎಲ್ಲರಿಗೂ ಗೊತ್ತು, ಬಿತ್ತನೆಗೆ ಕಬ್ಬು ತುಂಡು ಮಾಡುವಾಗ ಕತ್ತಿ ಗೆಣ್ಣಿನ ಕಣ್ಣಿನ ಮೇಲೆ ಬೀಳಬಾರದು. ಬಿದ್ದರೆ ಆ ತುಂಡು ಮೊಳೆಯುವುದಿಲ್ಲ. ಶಕುಂತಲಾ ಆ ಪದಗಳನ್ನು ಮತ್ತೆ ಮತ್ತೆ ಕೇಳಿದಳು. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಹತ್ತಿಕೊಂಡಿದೆಯೋ ಅಲ್ಲಿ ಮೊದಲು ಬಿಡಿಸಬೇಕು. ಕಟ್ಟುವ 'ಸ್' ಹಿಂದಿನದಕ್ಕೇ ಸೇರಬೇಕು. ಚಿಕ್ಕ ಅಕ್ಷರಗಳನ್ನು ಎಣಿಸುವುದು ಆಮೇಲೆ. "ಫ್ಯೋ-ಸೆಲ್ಸ್, ಡೌಸ್, ಗೇ-ವ." ಹೀಗೆ ಬಿಡಿಸಿ ತಟ್ಟಿದ್ದೇ ತಡ, ಹೆನಿಂಗ್‌ನ ತುಟಿ ಅದರ ಹಿಂದೆಯೇ ಹೊರಟಿತು. ಮೊದಲ ದಿನ ಕೊನೆಯ ತುಂಡು ಮಾತ್ರ ಬಂತು. ವಾರ ಕಳೆಯುವುದರೊಳಗೆ ಇಡೀ ಪದ, 'ಹುಟ್ಟುಹಬ್ಬದ ಉಡುಗೊರೆ'. ಮಳೆಯ ದಿನ, ಅಡುಗೆಮನೆಯ ಕತ್ತರಿ ಎಂಬಂಥ ಎಷ್ಟೋ ಉದ್ದದ ಪದಗಳು ಅವುಗಳ ಅರ್ಥವೇ ತಿಳಿಯದ ಶಕುಂತಲಾಳ ಕೈಕೆಳಗೆ ಒಂದೊಂದಾಗಿ ಎದ್ದು ನಿಂತವು.

ಒಂದು ಪದ ಮಾತ್ರ ಏಳಲಿಲ್ಲ. 'ಪ್ಲಾಯ-ಯೆಮ್ಸ್-ಪ್ಲಾಸ್.' ಬರೆದದ್ದರಲ್ಲಿ ಯೆಮ್ಸ್‌ಗೆ ಮುಂಚೆ ಒಂದು 'ಹ' ಇತ್ತು, ಪ್ಲಾಸ್ ನಡುವೆ ಒಂದು 'ಡ' ಇತ್ತು. ಬಾಯಲ್ಲಿ ಎರಡೂ ಮಾಯ. ಅಷ್ಟೇನೂ ಕಷ್ಟದ ಪದವಲ್ಲ. ಆದರೂ ಅವಳು ತಟ್ಟಲು ಶುರು ಮಾಡಿದೊಡನೆ ಹೆನಿಂಗ್ ಕಿಟಕಿಯ ಕಡೆ ನೋಡುತ್ತಿದ್ದ. ನಿಧಾನ ಮಾಡಿದಳು, ರಾಗ ಬದಲಿಸಿದಳು, ಇನ್ನೂ ಸಣ್ಣದಾಗಿ ಬಿಡಿಸಿದಳು. ಆತ ತುಟಿ ಬಿಗಿದು ಕೂತ. ಅವಳಿಗೆ ಹಟ ಬಂತು. ಬಿರ್ಗಿಟ್ ಬೇರೆ ಅವಳ ಉಚ್ಚಾರ ಕೇಳಿ, "ನಮ್ಮ ಪಕ್ಕದ ಮನೆಯವರು ಹೇಳಿದ ಹಾಗೇ ಇದೆ" ಎಂದುಬಿಟ್ಟಿದ್ದಳು. ದಿನಾ ಪಾಠ ಮುಗಿಯುವ ಮುಂಚೆ ಆ ಪದವನ್ನು ಒಂದು ಸುತ್ತು ತಟ್ಟದೆ ಬಿಡುತ್ತಿರಲಿಲ್ಲ.

ಮನೆಯಲ್ಲೂ ಅದೇ ಧ್ಯಾನ. ಪುಂಗೋಲ್‌ನ ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ಎಡಗೈ ಮೇಜಿನ ಮೇಲೆ ತಟ್ಟುತ್ತಲೇ ಇತ್ತು.

"ಏನೇ ಅದು, ಜಪ ಮಾಡ್ತಾ ಇದೀಯಾ?" ಎಂದ ಮುಕುಂದ. ಜುರಾಂಗ್ ಐಲ್ಯಾಂಡಿನ ಪ್ಲಾಂಟಿನಿಂದ ಕಂಪನಿ ಬಸ್ಸಿನಲ್ಲಿ ಬಂದು, ಸ್ನಾನ ಮುಗಿಸಿ, ಅನ್ನಕ್ಕೆ ಹುಳಿ ಕಲೆಸುತ್ತಿದ್ದ.

"ಆ ಡ್ಯಾನಿಶ್ ಮುದುಕರದ್ದು ಕಣ್ರೀ. ಎಲ್ಲ ಬರುತ್ತೆ, ಇದೊಂದು ಬರ್ತಿಲ್ಲ. ಪ್ಲಾಯ-ಯೆಮ್ಸ್-ಪ್ಲಾಸ್."

"ಹಂಗಂದ್ರೆ ಏನಮ್ಮಾ?" ಎಂದಳು ಮಗಳು ಇಶಿತಾ, ಫೋನಿನಿಂದ ತಲೆ ಎತ್ತದೆ. ಇಲ್ಲೇ ಬೆಳೆದ ಹುಡುಗಿ, ಯೂನಿವರ್ಸಿಟಿಯ ಕೊನೆಯ ವರ್ಷ, ಮಾತಿನ ತುದಿಗೆ ಇಲ್ಲಿಯವರ 'ಲಾ' ಅಂಟಿಕೊಂಡಿತ್ತು.

"ಗೊತ್ತಿಲ್ಲ. ಕೇಳಿಲ್ಲ."

ಇಶಿತಾ ಈಗ ತಲೆ ಎತ್ತಿದಳು. "ಮೀನಿಂಗೇ ಗೊತ್ತಿಲ್ದೆ ಪ್ರಾಕ್ಟೀಸ್ ಮಾಡಿಸ್ತಿದೀಯಾ? ಸೀರಿಯಸ್ಲಿ? ನಾನು ಚಿಕ್ಕವಳಿದ್ದಾಗ ಶ್ಲೋಕ ಹೇಳಿಸ್ತಿದ್ದೆಯಲ್ಲ, ಸೇಮ್ ಸ್ಟೈಲ್ ಲಾ. ಸ್ಪೆಲ್ಲಿಂಗ್ ಹೇಳು."

ಶಕುಂತಲಾ ಸ್ಪೆಲ್ಲಿಂಗ್ ಹೇಳಿದಳು. ಇಶಿತಾ ಟೈಪ್ ಮಾಡಿ ನೋಡಿ, ಫೋನನ್ನು ಅಮ್ಮನ ಕಡೆ ತಿರುಗಿಸಿದಳು.

"ನರ್ಸಿಂಗ್ ಹೋಮಲ್ಲಿ ಒಂದು ಜಾಗ ಅಂತ. ವಯಸ್ಸಾದೋರನ್ನ ಇಡ್ತಾರಲ್ಲ, ಆ ಥರದ್ದು."

ಮುಕುಂದ ಹುಳಿಯ ಸೌಟನ್ನು ಪಾತ್ರೆಗೆ ಬಿಟ್ಟ. "ಸರಿಹೋಯ್ತು. ಅಂದ್ರೆ ಆ ಮುದುಕರ ಬಾಯಲ್ಲೇ ಅವರ ಟಿಕೆಟ್ ಬುಕ್ ಮಾಡಿಸ್ತಾ ಇದೀಯ ನೀನು."

"ಸುಮ್ನಿರಿ" ಎಂದಳು ಶಕುಂತಲಾ. ಕೈ ಮಾತ್ರ ತಟ್ಟುವುದನ್ನು ನಿಲ್ಲಿಸಿತ್ತು.

ಆದರೂ ಇಷ್ಟಕ್ಕೇ ತೀರ್ಮಾನಕ್ಕೆ ಬರುವವಳಲ್ಲ ಅವಳು. ಲಕ್ವ ಹೊಡೆದವರ ಮೌನವನ್ನು ಮನಸ್ಸಿಗೆ ಬಂದ ಹಾಗೆ ಓದಿ ಕೆಟ್ಟವರನ್ನು ಕಂಡಿದ್ದಳು. ಆ ಸದ್ದೇ ನಾಲಿಗೆಗೆ ಸಿಕ್ಕುತ್ತಿಲ್ಲವೋ, ಆತನೇ ಬೇಡ ಅನ್ನುತ್ತಿದ್ದಾನೋ? ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮರುದಿನ ಬಿರ್ಗಿಟ್‌ಗೆ ಫೋನು ಮಾಡಿ, 'ಪ್ಲಾಯ' ಇರುವ, 'ಯೆಮ್' ಇರುವ, 'ಪ್ಲಾಸ್' ಇರುವ ಬೇರೆ ಬೇರೆ ಪದಗಳನ್ನು ಕೇಳಿದಳು. ಈ ಸಲ ಒಂದೊಂದರ ಅರ್ಥವನ್ನೂ ಕೇಳಿಕೊಂಡಳು.

ಮಧ್ಯಾಹ್ನ ಹೆನಿಂಗ್ ಬಂದ. ಗಾಲಿಕುರ್ಚಿ ತಳ್ಳಿಕೊಂಡು ಬಂದ ಗೆಕ್ ಆಂಟಿ ಮೂಲೆಯಲ್ಲಿ ಕೂತು ಬೀಸಣಿಗೆ ಬಿಚ್ಚಿದಳು. ಶಕುಂತಲಾ ತಟ್ಟಿದಳು: "ಲಾಯ-ಪ್ಲಾಸ್." ಮಕ್ಕಳು ಆಡುವ ಬಯಲು. ಎರಡನೆಯ ಸಲಕ್ಕೆ ಬಂತು. "ಯೆಮ-ಸ್ಗೋ." ಮನೆಯೊಳಗೆ ಮೆಟ್ಟುವ ಚಪ್ಪಲಿ. ಬಂತು. "ಸ್ಯೂ-ಪ್ಲಾಯ-ಸ್ಗ." ನರ್ಸು. ಎಡವಿ ಎಡವಿ, ಆದರೆ ಬಂತು. ಬಾಗಿಲಲ್ಲಿ ಹಾದುಹೋಗುತ್ತಿದ್ದ ನರ್ಸನ್ನು ಆತ ಗದ್ದದಿಂದ ತೋರಿಸಿದ ಕೂಡ. ಸದ್ದುಗಳೆಲ್ಲ ಆತನ ಬಾಯಲ್ಲಿದ್ದವು. ಕೊನೆಗೆ ಒಂದೇ ಒಂದು ಸಲ ಆ ಪದವನ್ನು ತಟ್ಟಿದಳು. ಹೆನಿಂಗ್ ಅವಳ ಕೈಯ ಅಡಿಯಿಂದ ತನ್ನ ಕೈಯನ್ನು ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ.

"ಅದೇನು ಪದ?" ಎಂದಳು ಗೆಕ್ ಆಂಟಿ.

ಶಕುಂತಲಾ ಅರ್ಥ ಹೇಳಿದಳು.

ಬೀಸಣಿಗೆ ನಿಂತಿತು. "ಹೋಗೋದಿದ್ರೆ ಹೋಗ್ಲಿ ಲಾ, ನಾನೇನು ಹಗ್ಗ ಹಾಕಿ ಕಟ್ಕೊಂಡಿಲ್ಲ. ಆದ್ರೆ ಅವನೇ ಹೇಳ್ಲಿ. ಇನ್ನೊಬ್ರು ಬಾಯಿಗೆ ತುರುಕೋದಲ್ಲ."

ಬಿರ್ಗಿಟ್‌ಗೆ ಇದನ್ನು ತಿಳಿಸುವುದು ಸುಲಭವಾಗಿರಲಿಲ್ಲ. ಸಂಜೆ ಕೇಂದ್ರದ ಕೆಳಗಿನ ಕಾಫಿ ಅಂಗಡಿಯಲ್ಲಿ ಕೂತು ಆಕೆ ಎಲ್ಲ ಕೇಳಿಸಿಕೊಂಡಳು.

"ಅರ್ಥ ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ. ನಾನು ಮುಚ್ಚಿಟ್ಟಿಲ್ಲ."

"ಗೊತ್ತು. ನಾನೇ ಬೇಡ ಅಂದೆ."

"ನನಗೆ ಏಳು ವರ್ಷ ಆಗೋವರೆಗೆ ಅಪ್ಪ ಅಂದ್ರೆ ಪೋಸ್ಟ್ ಕಾರ್ಡು" ಎಂದಳು ಬಿರ್ಗಿಟ್. "ಆಮೇಲೆ ಅದೂ ಇಲ್ಲ. ನನ್ನ ಮನೆಯಿಂದ ಸೈಕಲ್ಲಲ್ಲಿ ಹೋಗಬಹುದು, ಅಷ್ಟು ಹತ್ತಿರ ಒಂದು ಜಾಗ ಸಿಕ್ಕಿದೆ. ಕಿಟಕಿಯಿಂದ ಹೊಲ ಕಾಣುತ್ತೆ. ಈ ವಾರ ಒಪ್ಪಿಗೆ ಹೇಳದಿದ್ರೆ ಬೇರೆಯವರಿಗೆ ಕೊಡ್ತಾರೆ. ಇಲ್ಲಿ ಯಾರಿದಾರೆ? ಎಪ್ಪತ್ತು ದಾಟಿದ ಗೆಕ್. ನಾಳೆ ಅವಳು ಬಿದ್ದರೆ?"

ಶಕುಂತಲಾಳಿಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ. ತಪ್ಪು ಹುಡುಕುವುದು ಅವಳ ಕೆಲಸವೂ ಅಲ್ಲ. "ಅವರ ಮೇಲಿನ ನಿಮ್ಮ ಪ್ರೀತಿ ನಾನು ಅಳೆಯಲಾರೆ. ಅವರ ಬಾಯಿ ಏನು ಮಾಡುತ್ತೆ, ಏನು ಮಾಡಲ್ಲ, ಅಷ್ಟೇ ಹೇಳಬಲ್ಲೆ" ಎಂದಳು.

ಕರೆ ಬರುವ ದಿನ ಬಂತು. ಕೋಣೆಯಲ್ಲಿ ಹೆನಿಂಗ್ ನಡುವೆ, ಒಂದು ಕಡೆ ಬಿರ್ಗಿಟ್, ಇನ್ನೊಂದು ಕಡೆ ಶಕುಂತಲಾ. ಗೆಕ್ ಆಂಟಿ ಒಳಗೆ ಬರಲೊಪ್ಪದೆ ಹೊರಗಿನ ಬೆಂಚಿನಲ್ಲಿ ಕೂತಳು. ಪರದೆಯ ಮೇಲೆ ಕನ್ನಡಕದ ಹೆಂಗಸೊಬ್ಬಳು ಮೂಡಿದಳು. ಅಲ್ಲಿ ಇನ್ನೂ ಬೆಳಗಿನ ಕಾಫಿಯ ಹೊತ್ತು. ಮೊದಲು ಇಂಗ್ಲಿಷಿನಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ, ಆಮೇಲೆ ಡ್ಯಾನಿಶ್‌ನಲ್ಲಿ ಹೆನಿಂಗ್‌ನನ್ನು ಮಾತಾಡಿಸಿದಳು.

ಬಿರ್ಗಿಟ್ ಪಿಸುದನಿಯಲ್ಲಿ ಶಕುಂತಲಾಳಿಗೆ ತಿರುಗಿಸಿ ಹೇಳುತ್ತಿದ್ದಳು. "ಇಲ್ಲಿಗೆ ಬರ್ತೀರಾ ಅಂತ ಕೇಳಿದ್ರು."

"ಯಾ" ಎಂದ ಹೆನಿಂಗ್.

"ಸಿಂಗಪುರದಲ್ಲೇ ಇರ್ತೀರಾ ಅಂತ."

"ಯಾ."

ಹೆಂಗಸು ಕನ್ನಡಕ ಸರಿಪಡಿಸಿಕೊಂಡಳು. ಇಂಥ 'ಯಾ' ಅವಳೂ ಕೇಳಿದ್ದಿರಬೇಕು. ಏನು ಬೇಕೆಂದು ನಿಮ್ಮ ಮಾತಿನಲ್ಲೇ ಹೇಳಿ, ನಿಧಾನವಾಗಿ ಹೇಳಿ, ಎಂದಳು. ಹೆನಿಂಗ್ ಪರದೆ ನೋಡಿದ, ಮಗಳನ್ನು ನೋಡಿದ, ತನ್ನ ಎಡಗೈಯನ್ನು ಮೇಜಿನ ಮೇಲೆ ಇಟ್ಟ. ಶಕುಂತಲಾ ರೂಢಿಯಂತೆ ಅದರ ಮೇಲೆ ತನ್ನ ಕೈಯಿಟ್ಟಳು.

"ಶುರು ಮಾಡಿಕೊಡಿ" ಎಂದಳು ಬಿರ್ಗಿಟ್, ಅವಳ ಕಿವಿಯ ಹತ್ತಿರ ಬಂದು. "ಮೊದಲಿನ ಎರಡು ತುಂಡು ಸಾಕು. ಕೊನೆಯದು ಅವರೇ ಹೇಳ್ತಾರೆ. ದಯವಿಟ್ಟು."

ಹೌದು, ಹೇಳುತ್ತಾನೆ. ಅದು ಶಕುಂತಲಾಳಿಗೆ ಬಿರ್ಗಿಟ್‌ಗಿಂತ ಚೆನ್ನಾಗಿ ಗೊತ್ತಿತ್ತು. ದಿನದ ಪಾಠದಲ್ಲಿ ಕೈ ಎಳೆದುಕೊಳ್ಳುವುದು ಬೇರೆ. ಈಗ ಎಲ್ಲರೂ ಕಾದಿದ್ದಾರೆ, ತಾಳ ಎದ್ದಿದೆ. 'ಪ್ಲಾಯ-ಯೆಮ್ಸ್' ಎಂದು ಎತ್ತಿಕೊಟ್ಟು ಮೂರನೆಯದಕ್ಕೆ ಬರಿದೆ ತಟ್ಟಿ ನಿಂತರೆ, ಇಷ್ಟು ದಿನ ಉಜ್ಜಿ ಉಜ್ಜಿ ಮಾಡಿದ ಜಾಡಿನಲ್ಲಿ 'ಪ್ಲಾಸ್' ತಾನಾಗಿ ಉರುಳಿ ಬರುತ್ತದೆ. ಪರದೆಯ ಹೆಂಗಸಿಗೆ ಅಷ್ಟು ಸಾಕು. ಆ ಜಾಡನ್ನು ಮಾಡಿದವಳು ಶಕುಂತಲಾಳೇ.

ಅವಳ ಬೆರಳು ಒಮ್ಮೆ ತಟ್ಟಿತು. ಹೆನಿಂಗ್‌ನ ತುಟಿಗಳು 'ಪ'ಕಾರಕ್ಕೆಂದು ಮುಚ್ಚಿಕೊಂಡವು. ಆತನ ಕಣ್ಣು ತುಟಿಯ ಜೊತೆಗಿರಲಿಲ್ಲ. ಅದು ಅವಳನ್ನು ನೋಡುತ್ತಿತ್ತು.

ಶಕುಂತಲಾ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ತುಟಿಗಳು ಮುಚ್ಚಿಯೇ ಇದ್ದವು. ಯಾರೂ ಆತುರ ಮಾಡಲಿಲ್ಲ. ಅಷ್ಟರಮಟ್ಟಿಗೆ ಆ ಅಧಿಕಾರಿ ಒಳ್ಳೆಯವಳು. ಸಾಕಷ್ಟು ಹೊತ್ತು ಕಾದು, ಇಂಗ್ಲಿಷಿನಲ್ಲಿ ಕೇಳಿದಳು: "ಇವರಿಗೆ ನರ್ಸಿಂಗ್ ಹೋಮಿನ ಜಾಗ ಎಂಬ ಪದ ಹೇಳಲು ಬರುವುದಿಲ್ಲವೇ?"

"ಬರುತ್ತೆ. ಅದರ ತುಂಡುಗಳನ್ನೆಲ್ಲ ಬೇರೆ ಪದಗಳಲ್ಲಿ ಹೇಳ್ತಾರೆ. ಆಟದ ಬಯಲು, ಚಪ್ಪಲಿ, ನರ್ಸು, ಎಲ್ಲ ಹೇಳ್ತಾರೆ. ಈ ಪದವೊಂದನ್ನ ನಾನು ಹೇಳಿಸೋಕೆ ಹೋದಾಗಲೆಲ್ಲ ಮುಖ ತಿರುಗಿಸಿದಾರೆ, ಕೈಯನ್ನೂ ಎಳ್ಕೊಂಡಿದಾರೆ. ನಾನು ಎತ್ತಿಕೊಟ್ಟರೆ ಈಗಲೂ ಹೇಳಿಬಿಡಬಹುದು. ಆದ್ರೆ ಅದು ಅವರು ಹೇಳಿದ ಹಾಗಲ್ಲ, ನಾನು ಹೇಳಿದ ಹಾಗೆ."

"ಹಾಗಾದರೆ ಇಲ್ಲೇ ಇರಲು ಇಷ್ಟ ಎಂದು ಅರ್ಥವೇ?"

"ಅದನ್ನ ನಾನು ಹೇಳಲಾರೆ. ಅಲ್ಲಿಗೆ ಹೋಗ್ತೀನಿ ಅಂತ ಇವರು ಹೇಳಿಲ್ಲ. ನನಗೆ ತಿಳಿದಿರೋದು ಅಷ್ಟು."

ಅಧಿಕಾರಿ ಬಿರ್ಗಿಟ್ ಜೊತೆ ಡ್ಯಾನಿಶ್‌ನಲ್ಲಿ ಮಾತಾಡಿದಳು. ಪರದೆ ಆರಿತು.

"ಒಪ್ಪಿಗೆ ಇಲ್ಲ ಅಂತ ಬರ್ಕೊಂಡ್ರು" ಎಂದಳು ಬಿರ್ಗಿಟ್ ಯಾರನ್ನೂ ನೋಡದೆ. ಆಮೇಲೆ ಶಕುಂತಲಾಳ ಕಡೆ ತಿರುಗಿ, "ಇಷ್ಟು ದಿನ ಹೇಳಿಸಿ, ಬೇಕಾದಾಗ ಕೈ ತೆಗೆದ್ರಿ" ಎಂದಳು.

"ಹೌದು" ಎಂದಳು ಶಕುಂತಲಾ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತಿತ್ತು.

ಬಿರ್ಗಿಟ್ ಎದ್ದು ಹೊರಗೆ ಹೋದಳು. ಬೆಂಚಿನ ಮೇಲಿದ್ದ ಗೆಕ್ ಆಂಟಿ ಅವಳ ಮುಖ ನೋಡಿದಳು. ಪಕ್ಕದಲ್ಲಿಟ್ಟಿದ್ದ ಚೀಲ ತೆಗೆದು ಕೂರಲು ಜಾಗ ಮಾಡಿದಳು. ಇಬ್ಬರೂ ಎದುರಿನ ಗೋಡೆಯನ್ನು ನೋಡುತ್ತ ಕೂತರು. ಹೆನಿಂಗ್ ಒಳಗೆ ಕಣ್ಣು ಮುಚ್ಚಿದ್ದ. ದಣಿದಿದ್ದ.

ಎರಡು ದಿನ ಬಿರ್ಗಿಟ್ ಕೇಂದ್ರದ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದಾಗ ಜೊತೆಯಲ್ಲಿ ಗೆಕ್ ಆಂಟಿಯೂ ಇದ್ದಳು.

"ವಾರದ ಕೊನೆಗೆ ನನ್ನ ಫ್ಲೈಟು. ಆ ಜಾಗ ಬೇರೆಯವರಿಗೆ ಹೋಯ್ತು" ಎಂದಳು ಬಿರ್ಗಿಟ್. ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಆರಿರಲಿಲ್ಲ. "ಇನ್ನು ಫೋನೇ ಗತಿ. ಫೋನಲ್ಲಿ ನಾನು ಕೈ ತಟ್ಟೋಕಾಗಲ್ಲ. ನಾನು ಅಲ್ಲಿಂದ ಪದ ಹೇಳ್ತೀನಿ, ಇವಳು ಇಲ್ಲಿ ತಟ್ಟಬೇಕು. ಇವಳಿಗೆ ಕಲಿಸಿ."

"ಯಾವ ಪದದಿಂದ ಶುರು ಮಾಡೋಣ?"

"ಸ್ಯೋನ್-ಡಸ್-ಮೋ-ಅನ್."

"ಅರ್ಥ?" ಎಂದಳು ಶಕುಂತಲಾ.

"ಭಾನುವಾರ ಬೆಳಗ್ಗೆ. ನಾನು ಫೋನ್ ಮಾಡೋದು ಆವಾಗಲೇ."

"ಅಲ್ಲಿ ಬೆಳಗ್ಗೆ ಇರಬಹುದು. ಇಲ್ಲಿ ಆಗ ನಾನು ಊಟ ಮುಗಿಸಿ ಮಲಗಿರ್ತೀನಿ" ಎಂದಳು ಗೆಕ್ ಆಂಟಿ. "ಮಧ್ಯಾಹ್ನ ಅಂತ ಒಂದು ಪದ ಕೊಡು, ಅದನ್ನ ತಟ್ಟೋಣ."

"ನಾನು ಫೋನ್ ಮಾಡೋದು ನನ್ನ ಬೆಳಗ್ಗೆಗೆ."

"ಎತ್ತೋದು ನಾವು ಲಾ."

ಮಾತಾಡುತ್ತಲೇ ಗೆಕ್ ಆಂಟಿ ಕುರ್ಚಿ ಎಳೆದುಕೊಂಡು, ಹೆನಿಂಗ್‌ನ ಕೈಯನ್ನು ಮೇಜಿನ ಮೇಲಿಟ್ಟು, ಮೀನು ತೊಳೆಯುವವಳ ಹಾಗೆ ತೋಳು ಮೇಲೇರಿಸಿ ತಟ್ಟಲು ತೊಡಗಿದಳು. ಆತ ಹುಬ್ಬು ಗಂಟಿಕ್ಕಿದ, ಆದರೆ ಕೈ ಎಳೆದುಕೊಳ್ಳಲಿಲ್ಲ.

"ಸ್ವಲ್ಪ ಮೆಲ್ಲಗೆ, ಆಂಟಿ" ಎಂದಳು ಶಕುಂತಲಾ. "ಮತ್ತೆ, ಡಸ್ ಆದ ಮೇಲೆ ಒಂದು ಚೂರು ನಿಲ್ಲಿಸಿ."